ಸಾಮಗ್ರಿಯ ಹಿಂದೆ ಬರುವ ಜನ



ಕಲೆಯ ಬಗ್ಗೆ ಬರೆಯುತ್ತ, ಆಗೀಗ ತರಗತಿಗಳನ್ನೂ ತೆಗೆದುಕೊಳ್ಳುತ್ತ ಬಂದವನು ನಾನು. ಅಂತಿಮ ವರ್ಷದ ಪ್ರದರ್ಶನ ಹತ್ತಿರ ಬಂತೆಂದರೆ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಸರ್, ಇದುವರೆಗೆ ಯಾರೂ ಬಳಸದ ಮೀಡಿಯಂ ಯಾವುದಾದರೂ ಇದ್ದರೆ ಹೇಳಿ." ಹಿರಿಯರು ಕೆಲವರು ಇದನ್ನು ಕೇಳಿ ನಗುತ್ತಾರೆ. ನಾನು ನಗುವುದಿಲ್ಲ. ಎಣ್ಣೆಬಣ್ಣ, ಕ್ಯಾನ್ವಾಸು, ಫ್ಲ್ಯಾಟ್ ಬ್ರಷ್ಷು ಇವುಗಳಲ್ಲಿ ಕೈ ಪಳಗಿದ ಮೇಲೆ ಆ ಕೈಗೆ ತನ್ನ ಚಾಳಿಯೇ ಬೇಸರ ತರಿಸುವುದು ಸಹಜ. ಬೇಸರ ಬಂದ ಕೈ ಬೇರೇನನ್ನಾದರೂ ಹುಡುಕುತ್ತದೆ. ಅದು ಆರೋಗ್ಯದ ಲಕ್ಷಣ.

ಆದರೆ ಆ ಪ್ರಶ್ನೆಗೆ ನನ್ನ ಉತ್ತರ ಅವರಿಗೆ ಅಷ್ಟು ರುಚಿಸುವುದಿಲ್ಲ. ಯಾರೂ ಬಳಸದ ಸಾಮಗ್ರಿ ಎಂಬುದು ಇಲ್ಲವೆಂದೇ ಹೇಳಬೇಕು. ಕಲಾವಿದರು ಮುಟ್ಟದೆ ಇರಬಹುದು. ರಸ್ತೆಗೆ ಟಾರು ಹಾಕುವವರು, ನಾರು ಬಡಿಯುವವರು, ಅರಗು ಕಾಯಿಸುವವರು, ಕೂದಲು ಹೊಸೆಯುವವರು ಅದನ್ನು ಮುಟ್ಟಿಯೇ ಇರುತ್ತಾರೆ. ಅದರ ಗುಣ, ಮುನಿಸು, ಆಯುಸ್ಸು ಎಲ್ಲವೂ ಅವರಿಗೆ ಗೊತ್ತಿರುತ್ತದೆ. ಒಂದು ಹೊಸ ಸಾಮಗ್ರಿಯನ್ನು ಸ್ಟುಡಿಯೋದೊಳಗೆ ಕರೆತಂದರೆ ಅದರ ಹಿಂದೆ ಆ ಜನರೂ ಬರುತ್ತಾರೆ. ಅವರನ್ನು ಒಳಗೆ ಬಿಟ್ಟುಕೊಂಡವರ ಕೆಲಸಕ್ಕೂ ಬಾಗಿಲಲ್ಲೇ ನಿಲ್ಲಿಸಿದವರ ಕೆಲಸಕ್ಕೂ ಅಂತರ ಎದ್ದು ಕಾಣುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಮೊದಲು ಸ್ವಲ್ಪ ಇತಿಹಾಸ; ಆಮೇಲೆ ಉಪಕರಣಗಳು; ಅನಂತರ ತಮ್ಮಷ್ಟಕ್ಕೆ ತಾವೇ ರಾಸಾಯನಿಕ ಕೆಲಸ ಮಾಡುವ ದ್ರವ್ಯಗಳು; ನಾಲ್ಕನೆಯದಾಗಿ, ಸಾಮಗ್ರಿಯನ್ನೇ ಮಾತಾಡಿಸಿದ ಕೆಲವು ಕಲಾವಿದರು. ಕೊನೆಗೆ ಬಾಳಿಕೆ ಮತ್ತು ಅಪಾಯದ ಬಗ್ಗೆ ನಾಲ್ಕು ಮಾತು. ಕಂಪ್ಯೂಟರು, ವಿಡಿಯೊಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅವಕ್ಕೆ ಇನ್ನೊಂದು ಉಪನ್ಯಾಸವೇ ಬೇಕು, ಇನ್ನೊಬ್ಬ ಉಪನ್ಯಾಸಕರೂ ಬೇಕು.

ಇತಿಹಾಸದಿಂದ ತೊಡಗೋಣ. ಇವತ್ತು ನಮಗೆ ಅತ್ಯಂತ ಮಾಮೂಲೆನಿಸುವ ಬಣ್ಣದ ಟ್ಯೂಬು ಬಂದದ್ದು 1841ರಲ್ಲಿ. ಲಂಡನ್ನಿನಲ್ಲಿದ್ದ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್, ತವರದ ಹಾಳೆಯಿಂದ ಹಿಂಡಬಹುದಾದ ಕೊಳವೆ ಮಾಡಿ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಯುರೋಪಿನವರು ಅರೆದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಮೊಳೆಯಿಂದ ಚುಚ್ಚಿ ಬೇಕಾದಷ್ಟು ಹಿಂಡಿಕೊಂಡು, ತೂತನ್ನು ಮತ್ತೆ ಮುಚ್ಚುತ್ತಿದ್ದರು. ಅವರ ಕಣ್ಣಿಗೆ ಟ್ಯೂಬೇ ವಿಚಿತ್ರ ವಸ್ತುವಾಗಿ ಕಂಡಿರಬೇಕು.

ನಮ್ಮ ಕಡೆಗೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥ ರಚಿಸಿದ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಅಡುಗೆಯಿಂದ ಹಿಡಿದು ಆನೆ ಪಳಗಿಸುವವರೆಗೆ ಸಕಲವೂ ಇರುವ ಆ ಗ್ರಂಥದಲ್ಲಿ ಚಿತ್ರಕಲೆಗೂ ಜಾಗವಿದೆ. ಅದರಲ್ಲಿ ಬರುವ ವಜ್ರಲೇಪವೆಂದರೆ ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿದ ಅಂಟು. ಬೇಕಾದಾಗ ಬಿಸಿನೀರಲ್ಲಿ ಕರಗಿಸಿ, ಬಿಳಿ ಮಣ್ಣಿಗೆ ಬೆರೆಸಿ ಗೋಡೆಗೆ ಹಚ್ಚುವುದು. ಕುಂಚಕ್ಕೆ ಕರುವಿನ ಕಿವಿಯ ಕೂದಲು; ಅದನ್ನು ಕಡ್ಡಿಗೆ ಕೂಡಿಸಲು ಅರಗು. ರೇಖೆ ಹಾಕಿಕೊಳ್ಳಲು ಕಾಡಿಗೆ ಮತ್ತು ಅನ್ನವನ್ನು ಕಲಸಿ ಹೊಸೆದ ಬತ್ತಿ. ದೊರೆಯೊಬ್ಬ ಇಷ್ಟು ವಿವರವಾಗಿ ಬರೆಸಿದ್ದಾನೆಂದರೆ, ಚರ್ಮ ಬೇಯಿಸಿದವರನ್ನೂ ಅರಗು ಕಾಯಿಸಿದವರನ್ನೂ ಯಾರೋ ಕೂರಿಸಿಕೊಂಡು ಕೇಳಿರಲೇಬೇಕು. ಅವರ ಹೆಸರು ಗ್ರಂಥದಲ್ಲಿ ಇಲ್ಲ ಎಂಬುದು ಬೇರೆ ಮಾತು.

ಮೈಸೂರು ಸಾಂಪ್ರದಾಯಿಕ ಚಿತ್ರಶೈಲಿಯನ್ನು ನೋಡಿದವರಿಗೆ ದೇವರ ಒಡವೆ, ಪ್ರಭಾವಳಿಗಳು ಹಲಗೆಯಿಂದ ತುಸು ಉಬ್ಬಿ ಬಂದಂತೆ ಇರುವುದು ಗೊತ್ತು. ಸಫೇದವೆಂಬ ಬಿಳಿ ಪುಡಿಗೆ ಮಕ್ಕಿಯೆಂಬ ಹಳದಿ ರಾಳವನ್ನೂ ಅಂಟನ್ನೂ ಸೇರಿಸಿ ಅರೆದ ಲೇಪದಿಂದ ಅದನ್ನು ಎಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಮೊದಲ ಗೆರೆಗೆ ಹುಣಿಸೆ ಕಡ್ಡಿಯನ್ನು ಸುಟ್ಟ ಇದ್ದಿಲು. ತೀರಾ ಸೂಕ್ಷ್ಮದ ಕಡೆ ಅಳಿಲಿನ ಕೂದಲಿನ ಕುಂಚ. ಅದಕ್ಕಿಂತ ಸೂಕ್ಷ್ಮಕ್ಕೆ ಒಂದು ಬಗೆಯ ಹುಲ್ಲಿನ ಚೂಪು ಗರಿ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಗೊಂಬೆಯ ಬಿಡಿ ಅಂಗಗಳನ್ನು ಕೂಡಿಸಲು ಬಳಸುವ ಕಿಟ್ಟವೂ ಇದೇ ಜಾತಿಯದು. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಿಸೆ ಬೀಜದ ಸರಿಯಲ್ಲಿ ಕಲಸಿದ ಮುದ್ದೆ ಅದು. ಹುಣಿಸೆ ಬೀಜದ ಅಂಟಿನ ಬಗ್ಗೆಯೇ ಒಬ್ಬರು ಪುಸ್ತಕ ಬರೆಯಬಹುದು. ಕಲ್ಕತ್ತೆಯ ಜಾಮಿನಿ ರಾಯ್ ಅಕಾಡೆಮಿಕ್ ಶೈಲಿಯ ತೈಲಚಿತ್ರಗಳಲ್ಲಿ ಹೆಸರು ಮಾಡಿದವರು. ಅವರು ಅದನ್ನೆಲ್ಲ ಬದಿಗಿಟ್ಟು ಪಟಚಿತ್ರಗಳ ದಾರಿ ಹಿಡಿದಾಗ ಅವರ ಕೈಗೆ ಬಂದದ್ದು ಇದೇ ಹುಣಿಸೆ ಬೀಜದ ಅಂಟು, ಕಾಡಿಗೆ, ನೀಲಿ, ಕಲ್ಲಿನ ಪುಡಿ. ಟ್ಯೂಬಿನಿಂದ ಹೊರಟು ಮಡಕೆಗೆ ಬಂದ ಅವರ ನಡೆಯನ್ನು ಕೆಲವರು ಹಿಂದಕ್ಕೆ ಹೋದದ್ದೆಂದು ಬಗೆದರು. ಅವರ ರೇಖೆಗೆ ಆ ದಪ್ಪ, ಆ ನಿರಾಳ ಬಂದದ್ದು ಮಡಕೆಯ ಬಣ್ಣದಿಂದಲೇ ಎಂಬುದು ನನ್ನ ಅಭಿಪ್ರಾಯ. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ತಿದ್ದಬಹುದು, ಮೆದುಗೊಳಿಸಬಹುದು. ಅಂಟುಬಣ್ಣ ಕೂಡಲೇ ಒಣಗುತ್ತದೆ. ಅಲ್ಲಿ ಒಂದೇ ಎಳೆತಕ್ಕೆ ಗೆರೆ ಮುಗಿಯಬೇಕು.

ಈಗ ಎರಡನೆಯ ವಿಷಯಕ್ಕೆ, ಅಂದರೆ ಉಪಕರಣಗಳಿಗೆ ಬರುತ್ತೇನೆ.

ಶ್ರೀಕಾಳಹಸ್ತಿ ನಮ್ಮ ಗಡಿಯಿಂದ ಬಹಳ ದೂರವಿಲ್ಲ. ಅಲ್ಲಿನ ಕಲಂಕಾರಿಯ ಕಲಮನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಚೂಪು ಮಾಡಿದ ಬಿದಿರ ಕಡ್ಡಿ. ತುದಿಯಿಂದ ಸ್ವಲ್ಪ ಮೇಲೆ ಉಣ್ಣೆಯನ್ನೋ ಬಟ್ಟೆಯನ್ನೋ ದುಂಡಗೆ ಸುತ್ತಿ ದಾರದಿಂದ ಬಿಗಿದಿರುತ್ತಾರೆ. ಮಸಿಯಲ್ಲಿ ಅದ್ದಿದಾಗ ಆ ಉಂಡೆ ಮಸಿ ಕುಡಿಯುತ್ತದೆ. ಬರೆಯುವಾಗ ಬೆರಳುಗಳು ಕಡ್ಡಿಯನ್ನು ಹಿಡಿಯುವುದಿಲ್ಲ, ಉಂಡೆಯನ್ನೇ ಹಿಡಿಯುತ್ತವೆ. ಮೆಲ್ಲನೆ ಒತ್ತಿದಷ್ಟೂ ಮಸಿ ತುದಿಗೆ ಇಳಿಯುತ್ತದೆ. ಎಂದರೆ ಗೆರೆಯ ದಿಕ್ಕು ಮಣಿಕಟ್ಟಿನಲ್ಲಿ, ಗೆರೆಯ ತೂಕ ಬೆರಳ ತುದಿಯಲ್ಲಿ. ಬ್ರಷ್ಷಿನಲ್ಲಿ ಇವೆರಡೂ ಒಂದೇ ಚಲನೆಯಲ್ಲಿ ಬೆರೆತಿರುತ್ತವೆ. ಇಲ್ಲಿ ಬೇರೆ ಬೇರೆ. ಮೊದಲ ಸಲ ಹಿಡಿದವರಿಗೆ ಮಸಿ ಸೋರಿ ಮಡುಗಟ್ಟುತ್ತದೆ, ಇಲ್ಲವೆ ಅರ್ಧಕ್ಕೇ ಗೆರೆ ಒಣಗುತ್ತದೆ. ಕೈ ಹದಕ್ಕೆ ಬಂದ ಮೇಲೆ ಮಾತ್ರ ಆ ಉದ್ದುದ್ದ, ಒಂದೇ ದಪ್ಪದ, ಆದರೂ ಜೀವವಿರುವ ಗೆರೆ ಸಿಗುತ್ತದೆ. ಕಂಪನಿಯ ಪೆನ್ನಿನಿಂದ ಅಂಥ ಗೆರೆ ಬರುವುದಿಲ್ಲ. ಈ ಕಲಮು ಮಾಡಲು ಖರ್ಚೆಂದರೆ ಒಂದು ಬಿದಿರ ಕಡ್ಡಿ, ಒಂದು ತುಂಡು ಉಣ್ಣೆ.

ಇನ್ನೊಂದು ಉಪಕರಣ ಮಲೆನಾಡಿನದು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆಗೋಡೆ ಚಿತ್ತಾರ ನಿಮಗೆ ಗೊತ್ತಿದೆ. ಭೂಮಿ ಹುಣ್ಣಿಮೆಯ ಬೂಮಣ್ಣಿ ಬುಟ್ಟಿಯ ಮೇಲೂ ಅದೇ ಚಿತ್ತಾರ. ಕೆಮ್ಮಣ್ಣು ಬಳಿದ ನೆಲೆ. ಅಕ್ಕಿ ಹಿಟ್ಟಿನ ಬಿಳಿ. ಅಕ್ಕಿಯನ್ನೇ ಕಪ್ಪಾಗುವಂತೆ ಹುರಿದು ಅರೆದ ಕಪ್ಪು. ಗುರುಗೆ ಕಾಯಿಯ ಹಳದಿ. ನಾಲ್ಕೇ ಬಣ್ಣ. ಕುಂಚ ಪುಂಡಿ ನಾರಿನದು. ಈ ಕುಂಚಕ್ಕೆ ಕೂದಲಿನ ಮೆತುವು ಇಲ್ಲ. ಅದು ತಿರುವಿಗೆ ಅಷ್ಟಾಗಿ ಒಗ್ಗುವುದಿಲ್ಲ, ನೇರಕ್ಕೆ ಒಗ್ಗುತ್ತದೆ. ಚಿತ್ತಾರದ ವ್ಯಾಕರಣವೂ ನೇರ ಎಳೆಗಳದೇ. ಸಮಾಂತರವಾಗಿ, ಓರೆಯಾಗಿ, ಒಂದನ್ನೊಂದು ಕತ್ತರಿಸುತ್ತ ಅವು ತೇರಾಗುತ್ತವೆ, ಬಾಸಿಂಗವಾಗುತ್ತವೆ. ನಾರು ಎಳೆಯನ್ನು ರೂಪಿಸಿತೋ, ಎಳೆ ಬೇಕೆಂದು ನಾರನ್ನು ಆರಿಸಿಕೊಂಡರೋ ಎಂಬುದನ್ನು ಬಿಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ಹಸೆಚಿತ್ತಾರವನ್ನು ಅಕ್ರಿಲಿಕ್ಕಿನಲ್ಲಿ, ನೈಲಾನ್ ಬ್ರಷ್ಷಿನಲ್ಲಿ ನಕಲು ಮಾಡಿದ್ದು ಈಗ ಹೋಟೆಲ್ಲುಗಳ ಗೋಡೆಗಳಲ್ಲಿ ಕಾಣುತ್ತದೆ. ಗೆರೆ ಅಲ್ಲಿಯೂ ನೇರವಾಗಿಯೇ ಇರುತ್ತದೆ, ಆದರೆ ನಾರು ಬಿಟ್ಟುಹೋಗುವ ಸಣ್ಣ ತರಚು ಇರುವುದಿಲ್ಲ. ಆ ತರಚಿಲ್ಲದೆ ಚಿತ್ತಾರ ಗೋಡೆಕಾಗದವಾಗಿಬಿಡುತ್ತದೆ.

ಉಪಕರಣವೆಂದರೆ ಹಳ್ಳಿಯದೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಚಿತ್ತೂರು ಜಿಲ್ಲೆಯ ನಂದನೂರಿನಲ್ಲಿ 1925ರಲ್ಲಿ ಹುಟ್ಟಿದ ಕೃಷ್ಣಾ ರೆಡ್ಡಿ ಶಾಂತಿನಿಕೇತನದಲ್ಲಿ ಓದಿ, ಪ್ಯಾರಿಸ್ಸಿನಲ್ಲಿ ಮುದ್ರಣ ಕಲಾವಿದ ಹೇಟರ್ ನಡೆಸುತ್ತಿದ್ದ 'ಅಟೆಲಿಯೇ 17' ಕಾರ್ಯಾಗಾರ ಸೇರಿದರು. ಅಲ್ಲಿ ಅವರೂ ಜೊತೆಗಾರರೂ ಬೆಳೆಸಿದ ಮುದ್ರಣಕ್ರಮಕ್ಕೆ ಬೇಕಾದದ್ದು ಎರಡು ಬಗೆಯ ರಬ್ಬರ್ ರೋಲರು, ಒಂದು ಗಟ್ಟಿ, ಒಂದು ಮೆತ್ತನೆಯದು. ಗಟ್ಟಿ ರೋಲರು ತಗಡಿನ ಮೇಲ್ಮೈಯನ್ನಷ್ಟೇ ಸವರಿಕೊಂಡು ಹೋಗುತ್ತದೆ. ಮೆತ್ತನೆಯದು ಹಳ್ಳಕ್ಕೂ ಇಳಿಯುತ್ತದೆ. ಇಂಕಿನಲ್ಲಿ ಎಣ್ಣೆ ಹೆಚ್ಚು ಕಡಿಮೆ ಮಾಡಿದರೆ ಒಂದು ಇಂಕು ಇನ್ನೊಂದನ್ನು ಹತ್ತಿರ ಸೇರಿಸುವುದಿಲ್ಲ. ಹೀಗೆ ಒಂದೇ ತಗಡಿನಿಂದ, ಒಂದೇ ಒತ್ತಿನಲ್ಲಿ ಹಲವು ಬಣ್ಣಗಳು ಬಂದವು. ರೆಡ್ಡಿ ಶಿಲ್ಪವನ್ನೂ ಕಲಿತವರು. ತಗಡನ್ನು ಕಾಗದದಂತೆ ಕಾಣದೆ ಕಲ್ಲಿನಂತೆ ಕೆತ್ತಿದರು. ಹಳ್ಳ ಆಳವಿದ್ದುದರಿಂದಲೇ ರೋಲರುಗಳ ಆಟ ನಡೆಯಿತು.

ಮುದ್ರಣ ಕಲಾವಿದ ಸೋಮನಾಥ್ ಹೋರ್ ಅವರದು ಇದಕ್ಕೆ ತೀರ ವಿರುದ್ಧವಾದ ದಾರಿ. 1943ರ ಬಂಗಾಳದ ಬರವನ್ನು ಕಣ್ಣಾರೆ ಕಂಡು ಬರೆದುಕೊಂಡವರು ಅವರು. 1970ರ ದಶಕದಲ್ಲಿ 'ಗಾಯಗಳು' ಎಂಬ ಮಾಲೆಗೆ ಅವರು ಬಣ್ಣವನ್ನೇ ಬಿಟ್ಟರು. ಜೇಡಿಮಣ್ಣಿನ ಹಲಗೆಯನ್ನು ಚಾಕುವಿನಿಂದ ಕೊರೆದರು, ಚುಚ್ಚಿದರು, ಹರಿದರು. ಅದರ ಅಚ್ಚನ್ನು ಸಿಮೆಂಟಿನಲ್ಲಿ ತೆಗೆದು, ಅದರ ಮೇಲೆ ಒದ್ದೆ ಕಾಗದದ ಮುದ್ದೆಯನ್ನು ಒತ್ತಿದರು. ಒಣಗಿದ ಮೇಲೆ ಸಿಗುವುದು ಬಿಳಿಯ ಮೇಲೆ ಬಿಳಿ. ಅಲ್ಲೊಂದು ಸೀಳು, ಇಲ್ಲೊಂದು ಬಾವು. ಗಾಯವನ್ನು ಚಿತ್ರಿಸಿದ್ದಲ್ಲ ಅದು. ಚಾಕು ಮಾಡಿದ ಗಾಯವೇ ಕಾಗದಕ್ಕೆ ದಾಟಿ ಬಂದದ್ದು. ಮಣ್ಣು, ಸಿಮೆಂಟು, ಕಾಗದ ಮೂರೂ ಎಲ್ಲ ಊರಲ್ಲೂ ಸಿಗುವಂಥವು.

ಇನ್ನು ಮೂರನೆಯ ವಿಷಯ. ಕೆಲವು ದ್ರವ್ಯಗಳು ಹಚ್ಚಿದ ಹಾಗೆ ಇರುವುದಿಲ್ಲ. ನಾವು ಕೈ ತೆಗೆದ ಮೇಲೆ ಅವುಗಳ ಕೆಲಸ ಶುರುವಾಗುತ್ತದೆ.

ಕಲಂಕಾರಿಯ ಮಸಿಯನ್ನೇ ತೆಗೆದುಕೊಳ್ಳಿ. ತುಕ್ಕು ಹಿಡಿದ ಕಬ್ಬಿಣದ ಚೂರು, ಬೆಲ್ಲ, ನೀರು ಇವನ್ನು ಮಡಕೆಯಲ್ಲಿ ಹಾಕಿ ವಾರಗಟ್ಟಲೆ ಹುಳಿ ಬರಿಸುತ್ತಾರೆ; ಅದಕ್ಕೆ ಕಸಿಮಿ ಎನ್ನುತ್ತಾರೆ. ಬಟ್ಟೆಯನ್ನು ಮೊದಲೇ ಅಳಲೆಕಾಯಿಯ ಪುಡಿ ಮತ್ತು ಎಮ್ಮೆ ಹಾಲು ಕಲಸಿದ ನೀರಿನಲ್ಲಿ ಅದ್ದಿ ಒಣಗಿಸಿರುತ್ತಾರೆ. ಹಾಲಿನ ಜಿಡ್ಡಿನಿಂದ ಮಸಿ ಹಬ್ಬುವುದಿಲ್ಲ. ಅಳಲೆಕಾಯಿಯ ಒಗರು ಕಬ್ಬಿಣವನ್ನು ಕಂಡೊಡನೆ ಕಪ್ಪಾಗುತ್ತದೆ. ಕಲಮಿನಿಂದ ಇಳಿಯುವಾಗ ಮಂಕಾಗಿದ್ದ ಗೆರೆ ನೋಡುತ್ತಿದ್ದಂತೆಯೇ ಕಡುಗಪ್ಪಾಗುವುದನ್ನು ಎದುರಿಗೆ ಕೂತು ನೋಡಬೇಕು. ನಮ್ಮ ಹಳೆಯ ಲಿಪಿಕಾರರು ಅಳಲೆಕಾಯಿ, ಅನ್ನಭೇದಿಗಳಿಂದ ಮಾಡಿಕೊಳ್ಳುತ್ತಿದ್ದ ಶಾಯಿಯ ಗುಟ್ಟೂ ಇದೇ, ಒಗರು ಮತ್ತು ಕಬ್ಬಿಣದ ಕೂಟ. ವಿದ್ಯಾರ್ಥಿಗಳು ಈ ಎರಡನ್ನು ಬೇರೆ ಬೇರೆಯಾಗಿ ಹಚ್ಚಿ ನೋಡಬಹುದು. ಕಾಗದದ ಮೇಲೆ ಒಗರಿನ ನೀರಲ್ಲಿ ಕಾಣದಂತೆ ಬರೆದು, ಮೇಲೆ ಕಬ್ಬಿಣದ ನೀರು ಹಾಯಿಸಿದರೆ ಚಿತ್ರ ತಾನಾಗಿ ಏಳುತ್ತದೆ. ಸಂಜೆಯೊಂದರ ಆಟಕ್ಕೆ ಸಾಕು. ಆಟದಾಚೆ ಏನಾದರೂ ಆಗಬೇಕಾದರೆ ಒಂದು ವರ್ಷ ಬೇಕು.

ಬೀದರಿನ ಬಿದ್ರಿ ಇನ್ನೂ ಸೋಜಿಗದ್ದು. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು, ಹೆಚ್ಚು ಕಡಿಮೆ ಈ ಅಳತೆಯ ಮಿಶ್ರಲೋಹದಲ್ಲಿ ಪಾತ್ರೆಯ ಎರಕ ಹೊಯ್ಯುತ್ತಾರೆ. ಮೈ ಬೂದುಬಣ್ಣದ್ದು, ಅದರ ಮೇಲೆ ಕೊರೆದ ಗೆರೆ ಕಾಣದು. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಉಳಿಯಿಂದ ಬಳ್ಳಿ, ಹೂವು ಕೊರೆದು ಬೆಳ್ಳಿಯ ತಂತಿಯನ್ನು ಹೊಡೆದು ಕೂರಿಸಿ, ಉಜ್ಜಿ ನಯ ಮಾಡಿದರೆ ಆ ಕಪ್ಪೆಲ್ಲ ಹೋಗಿ, ಬೆಳ್ಳಿ ಯಾವುದು ಸತು ಯಾವುದು ತಿಳಿಯದಂತಾಗುತ್ತದೆ. ಕೊನೆಯ ಹಂತ ಮಣ್ಣಿನದು. ಬೀದರ್ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತುವಿನ ಮೈ ಒಮ್ಮೆಗೇ ಕಾರ್ಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಲ್ಲಿಯ ಮಣ್ಣೆಂದರೆ ಅಲ್ಲಿಯದು ಆಗುವುದಿಲ್ಲ. ಮಳೆ ಬಿಸಿಲು ತಾಗದ ಮೂಲೆಯ ಮಣ್ಣೇ ಬೇಕೆನ್ನುತ್ತಾರೆ. ಕುಶಲಕರ್ಮಿಗಳು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾರೆ. ಇದು ಯಾವ ಬಣ್ಣದ ಕಂಪನಿಯ ಕೆಟಲಾಗಿನಲ್ಲೂ ಸಿಗದ ವಿದ್ಯೆ.

ಚನ್ನಪಟ್ಟಣದ ಗೊಂಬೆಯ ಬಗ್ಗೆ ಒಂದೇ ಮಾತು. ಹಾಲೆಮರದ ತುಂಡು ಲೇಥಿನಲ್ಲಿ ತಿರುಗುತ್ತಿರುವಾಗ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಬ್ರಷ್ಷೂ ಇಲ್ಲ, ದ್ರವವೂ ಇಲ್ಲ. ವೇಗವೇ ಇಲ್ಲಿ ಕುಂಚ. ಇಷ್ಟು ಹತ್ತಿರವಿರುವ ಈ ವಿಧಾನವನ್ನು ಗೊಂಬೆ, ಬಳೆಗಳಾಚೆ ಕೊಂಡೊಯ್ದ ಶಿಲ್ಪಿಗಳು ಇಷ್ಟು ಕಡಿಮೆ ಏಕೆ ಎಂದು ನನಗೆ ಆಶ್ಚರ್ಯ.

ಸಭಿಕರೆ, ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲು ಕುಶಲತೆಯ ಲೋಕದ್ದು. ಈಗ ನಾಲ್ಕನೆಯ, ನನ್ನ ಮಟ್ಟಿಗೆ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಸಾಮಗ್ರಿ ಬದಲಾದಾಗ ಕಲೆಯ ಮಾತೂ ಬದಲಾಗುತ್ತದೆಯೆ?

1938ರಲ್ಲಿ ಶಾಂತಿನಿಕೇತನದ ಬಯಲಲ್ಲಿ ರಾಮಕಿಂಕರ ಬೈಜ್ 'ಸಂತಾಲ ಕುಟುಂಬ'ವೆಂಬ ಶಿಲ್ಪವನ್ನು ನಿಲ್ಲಿಸಿದರು. ಕಂಚು ಕೈಗೆಟುಕುವ ಮಾತಾಗಿರಲಿಲ್ಲ. ಅವರು ಸಿಮೆಂಟಿಗೆ ಅಲ್ಲಿಯದೇ ಕೆಂಪು ಜಂಬಿಟ್ಟಿಗೆಯ ಹರಳು ಬೆರೆಸಿ, ಕಬ್ಬಿಣದ ಹಂದರದ ಮೇಲೆ ಮುಷ್ಟಿಗಟ್ಟಲೆ ಎಸೆದು ಕೂರಿಸಿದರು. ಗಂಡ, ಹೆಂಡತಿ, ಕಾವಡಿಯ ಬುಟ್ಟಿಯಲ್ಲಿ ಮಗು, ಜೊತೆಗೊಂದು ನಾಯಿ. ಸಂಸಾರವನ್ನೇ ಹೊತ್ತು ಹೊರಟವರು. ಹತ್ತಿರ ಹೋಗಿ ನೋಡಿದರೆ ಮೈತುಂಬ ಹರಳು, ಒರಟು. ಅದೇ ಶಿಲ್ಪ ನುಣುಪಾದ ಕಂಚಿನಲ್ಲಿದ್ದಿದ್ದರೆ ಅದು ಸಂತಾಲರ ಬಗೆಗಿನ ಶಿಲ್ಪವಾಗಿರುತ್ತಿತ್ತು. ಅವರು ನಡೆದಾಡುವ ನೆಲದ ಹರಳಿನಿಂದಲೇ ಎದ್ದದ್ದರಿಂದ ಅದು ಅವರದಾಗಿದೆ. ಇಲ್ಲದ ದುಡ್ಡು ತಂದ ಸಾಮಗ್ರಿ ಅದು. ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಹೀಗೆ ಅವರ ಓದು ಸಾಗಿತು. ಚಿತ್ರಕಾರ್ತಿಯಾಗಿಯೇ ಆರಂಭಿಸಿದರು. 1990ರ ದಶಕದ ಮೊದಲ ವರ್ಷಗಳಲ್ಲಿ, ದೇಶದಲ್ಲಿ ಕೋಮುಗಲಭೆಯ ಹೊಗೆ ಎದ್ದಿದ್ದಾಗ, ಎಣ್ಣೆಬಣ್ಣ ಬಿಟ್ಟು ಸಗಣಿಗೆ ಕೈಹಾಕಿದರು. ಸಗಣಿ ಎಂದರೆ ಏನೇನೆಲ್ಲ ಜೊತೆಗೆ ಬರುತ್ತದೆ ನೋಡಿ. ಪವಿತ್ರ ಗೋವು, ಅದರ ಸುತ್ತ ಎದ್ದ ರಾಜಕೀಯ, ಬೆಳಗಾಗೆದ್ದು ಅಂಗಳ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ಕೈ, ಒಲೆಯ ಉರಿ. ಅವರು ಅದನ್ನು ಬಣ್ಣವಾಗಿಯೂ ಶಿಲ್ಪದ ದ್ರವ್ಯವಾಗಿಯೂ ಬಳಸಿದರು. ಘೋಷಣೆ ಕೂಗಲಿಲ್ಲ. ಸಗಣಿಯೇ ಎರಡೂ ಕಡೆಯ ಮಾತನ್ನು ಆಡುತ್ತಿತ್ತು.

1998ರಲ್ಲಿ ಅವರು 'ಆಂಡ್ ಟೆಲ್ ಹಿಮ್ ಆಫ್ ಮೈ ಪೇಯ್ನ್' ಎಂಬ ಕೃತಿ ಮಾಡಿದರು. ಹೊಲಿಗೆಯ ದಾರವನ್ನು ಸೂಜಿಯ ಕಣ್ಣಿಗೆ ಪೋಣಿಸುವುದು, ನೂರಾರು ಅಡಿ ಉದ್ದಕ್ಕೂ ಎಳೆಯುವುದು. ಹೀಗೆ ಹಲವಾರು ದಾರಗಳನ್ನು ಸೇರಿಸಿ, ಕುಂಕುಮ ಕಲಸಿದ ಅಂಟಿನಿಂದ ಸವರುತ್ತ ಒಂದು ಕೆಂಪು ಹಗ್ಗ ಮಾಡುವುದು. ಗ್ಯಾಲರಿಯ ಗೋಡೆ, ನೆಲಗಳ ಮೇಲೆ ಆ ಹಗ್ಗ ಬಳುಕಿಕೊಂಡು, ಸುತ್ತಿಕೊಂಡು ಹೋಗುತ್ತದೆ. ದೂರದಿಂದ ನೋಡಿದರೆ ಗಾಳಿಯಲ್ಲಿ ಬರೆದ ಗೆರೆ. ಹತ್ತಿರ ಹೋದರೆ ಕರುಳು. ಹಗ್ಗದ ತುದಿಯಲ್ಲಿ ಅಷ್ಟೂ ಸೂಜಿಗಳು ಗೊಂಚಲಾಗಿ ಜೋತುಬಿದ್ದಿವೆ. ಅದನ್ನು ಕಂಡೊಡನೆ ಎಷ್ಟು ಸಲ ಪೋಣಿಸಿರಬೇಕು, ಎಷ್ಟು ಸಲ ಬೆರಳಿಗೆ ಚುಚ್ಚಿರಬೇಕು ಎಂಬ ಯೋಚನೆ ತಾನಾಗಿ ಬರುತ್ತದೆ. ಮನೆಯೊಳಗೆ ಕೂತು ಹೊಲಿದವರ ಲೆಕ್ಕವಿಲ್ಲದ ಹೊತ್ತು ಅಲ್ಲಿ ಇದೆ.

ಇನ್ನೊಂದು, 2006ರ 'ಡಾರ್ಕ್‌ರೂಮ್'. ರಸ್ತೆ ಕೆಲಸದವರು ಖಾಲಿ ಟಾರು ಡ್ರಮ್ಮುಗಳನ್ನು ಸೀಳಿ, ತಟ್ಟಿ ತಗಡು ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದೇವೆ. ಶೀಲಾ ಗೌಡರು ಅವೇ ಡ್ರಮ್ಮುಗಳಿಂದ ಒಂದು ಕೋಣೆ ಕಟ್ಟಿದರು. ಹೊರಗಿನಿಂದ ಡ್ರಮ್ಮುಗಳು ಕಂಬದ ಹಾಗೆ ನಿಂತು ಪುಟ್ಟ ಅರಮನೆಯ ಗತ್ತು ತೋರಿಸುತ್ತವೆ. ಬಗ್ಗಿ ಒಳಗೆ ಹೋದರೆ ಕತ್ತಲು. ತಲೆಯ ಮೇಲಿನ ತಗಡಿನಲ್ಲಿ ಸಣ್ಣ ಸಣ್ಣ ತೂತುಗಳಿಂದ ಬೆಳಕು ಚುಕ್ಕಿಚುಕ್ಕಿಯಾಗಿ ಬರುತ್ತದೆ, ನಕ್ಷತ್ರ ತುಂಬಿದ ಆಕಾಶವೇ. ತೂತು ಬಿದ್ದ ಸೂರು ಎಂದರೆ ಅದರಡಿ ಮಲಗುವವನಿಗೆ ಏನು, ಮಳೆ ಬಂದರೆ ಏನು ಎಂಬುದು ನೋಡುಗನ ತಲೆಗೆ ಹೊಳೆಯುವುದು ಆ ಚೆಲುವನ್ನು ಸವಿದ ಮೇಲೆ.

2009ರ ವೆನಿಸ್ ಬಿಯೆನಾಲೆಗೆ ಅವರು ಒಯ್ದದ್ದು ಕೂದಲು. ವಾಹನಗಳಿಗೆ ದೃಷ್ಟಿ ತಾಗದಿರಲೆಂದು ಚಾಲಕರು ಬಂಪರಿಗೆ ಕಟ್ಟುವ ಕೂದಲ ಹಗ್ಗ ನಿಮಗೆ ಗೊತ್ತು. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಲ್ಲಿ ಉದ್ದನೆಯದು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ, ತುಂಡುಕೂದಲು ಹೀಗೆ ಹಗ್ಗವಾಗುತ್ತದೆ. 'ಬಿಹೋಲ್ಡ್' ಎಂಬ ಆ ಕೃತಿಯಲ್ಲಿ ಸುಮಾರು 4,000 ಮೀಟರ್ ಕೂದಲ ಹಗ್ಗ ಹೊಳೆಯುವ ಉಕ್ಕಿನ ಬಂಪರುಗಳನ್ನು ಹಿಡಿದುಕೊಂಡು ತೂಗುತ್ತದೆ. ಹರಕೆ, ಹೆದರಿಕೆ, ವ್ಯಾಪಾರ ಮೂರೂ ಆ ಹಗ್ಗದಲ್ಲಿ ಹೊಸೆದುಕೊಂಡಿವೆ. ಕೂದಲನ್ನು ಅವರು ತಂದದ್ದು ವಿಚಿತ್ರವೆಂದಲ್ಲ. ಅದನ್ನು ಹೊಸೆಯುವವರ, ಕಟ್ಟುವವರ ಬದುಕಿನಿಂದ ಎತ್ತಿಕೊಂಡು ಬಂದರು.

ಇದೇ ಮಾತನ್ನು ನೈಜೀರಿಯಾದ ಎನ್ಸುಕ್ಕಾದಲ್ಲಿ ಕೆಲಸ ಮಾಡಿದ ಘಾನಾದ ಶಿಲ್ಪಿ ಎಲ್ ಅನಾಟ್ಸುಯಿ ಅವರಿಗೂ ಹೇಳಬಹುದು. ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ತಟ್ಟಿ, ಮಡಿಸಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆದು ಅವರು ಗೋಡೆ ತುಂಬುವ ಜರತಾರಿಯಂಥ ಹಾಸುಗಳನ್ನು ಮಾಡಿದರು. ಯುರೋಪಿನ ವರ್ತಕರು ಆಫ್ರಿಕಕ್ಕೆ ಮದ್ಯ ತಂದ ಚರಿತ್ರೆ ಆ ಮುಚ್ಚಳಗಳ ಬೆನ್ನಿಗಿದೆ. ತಂತಿ ಕಟ್ಟಿದ ಹತ್ತಾರು ಸಹಾಯಕರ ಕೈಯೂ ಇದೆ.

ಇದಕ್ಕೆ ಹೋಲಿಸಿದರೆ ನಮ್ಮ ಗ್ಯಾಲರಿಗಳಲ್ಲಿ ಕಾಣುವ ಎಷ್ಟೋ ಪ್ರತಿಷ್ಠಾಪನೆಗಳು ನನಗೆ ಸಪ್ಪೆ. ಚಿಕ್ಕಪೇಟೆಯಿಂದ ಸಗಟು ದರದಲ್ಲಿ ಸಾವಿರ ಗಾಜಿನ ಬಳೆ ತಂದು ನೆಲದ ಮೇಲೆ ಹರಡಿ 'ಸ್ತ್ರೀ' ಎಂದು ಹೆಸರಿಟ್ಟರೆ ಸಾಮಗ್ರಿ ಹೊಸದಿರಬಹುದು, ಯೋಚನೆ ಮಾತ್ರ ಕ್ಯಾಲೆಂಡರಿನದು. ಕಟುವಾಗಿ ಹೇಳಿದೆನೆನಿಸಿದರೆ ಕ್ಷಮೆಯಿರಲಿ. ಬಳೆ ಮಾಡುವ ಭಟ್ಟಿಯ ಮುಂದೆ ಒಂದು ವಾರ ಕೂತು ಬಂದವರು ಬಳೆಯನ್ನು ಹಾಗೆ ಹರಡಲಾರರು ಎಂಬುದಷ್ಟೇ ನನ್ನ ನಂಬಿಕೆ.

ಕೊನೆಯದಾಗಿ ಬಾಳಿಕೆ ಮತ್ತು ಅಪಾಯ. ಇದನ್ನು ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಬಿಡುತ್ತಾರೆ, ಹಾಗೆಂದೇ ಹೇಳುತ್ತಿದ್ದೇನೆ.

ಅಮೆರಿಕದ ಶಿಲ್ಪಿ ಈವಾ ಹೆಸ್ಸೆ 1960ರ ದಶಕದ ಕೊನೆಯಲ್ಲಿ ಲೇಟೆಕ್ಸ್ ರಬ್ಬರಿನಲ್ಲಿ ಅಪೂರ್ವ ಕೆಲಸ ಮಾಡಿದರು. 1970ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ತೀರಿಕೊಂಡರು. ಆಗ ಮೆತ್ತಗೆ, ಅರೆಪಾರದರ್ಶಕವಾಗಿದ್ದ ರಬ್ಬರು ಈಗ ಕಂದಾಗಿ, ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಕೆಲವು ಕೃತಿಗಳನ್ನು ಮೊದಲಿನಂತೆ ತೂಗುಹಾಕಲು ವಸ್ತುಸಂಗ್ರಹಾಲಯಗಳು ಹಿಂಜರಿಯುತ್ತವೆ. ಹಾಳಾಗುವುದೂ ಕೃತಿಯ ಭಾಗವೇ ಎಂದು ವಾದಿಸಬಹುದು. ಹಾಗೆ ವಾದಿಸುವವರು ಕೊಳ್ಳುವವರಿಗೆ ಅದನ್ನು ಮೊದಲೇ ತಿಳಿಸಬೇಕು. ಅರಿಶಿನದ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ, ಸೋಪಿನ ನೀರು ತಾಗಿದರೆ ಕೆಂಪಾಗುತ್ತದೆ. ಹಿಟ್ಟು, ಬೆಲ್ಲ, ಧಾನ್ಯ ಇದ್ದಲ್ಲಿ ಹುಳು, ಇರುವೆ, ಇಲಿ ಬರುವುದು ಖಂಡಿತ. ಮೊದಲು ಹೇಳಿದ ಕಬ್ಬಿಣದ ಶಾಯಿ ಹುಳಿ ಹೆಚ್ಚಾದರೆ ಕೆಲವು ದಶಕಗಳಲ್ಲಿ ಕಾಗದವನ್ನೇ ತಿಂದು ಅಕ್ಷರದ ಆಕಾರದಲ್ಲಿ ತೂತು ಮಾಡುತ್ತದೆ. ಆದ್ದರಿಂದ ಒಂದು ಸಣ್ಣ ಶಿಸ್ತನ್ನು ಇಟ್ಟುಕೊಳ್ಳಿ. ಹೊಸ ಸಾಮಗ್ರಿಯ ಒಂದು ಚೂರನ್ನು ಕಿಟಕಿಯ ಬಿಸಿಲಲ್ಲಿ, ಇನ್ನೊಂದನ್ನು ಕತ್ತಲ ಪೆಟ್ಟಿಗೆಯಲ್ಲಿ ಇಡಿ. ತಾರೀಕು ಬರೆದು, ಒಂದು ಮಳೆಗಾಲ ಕಳೆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹಳೆಯದೆಲ್ಲ ನಿರಪಾಯವೆಂಬ ಭ್ರಮೆಯೂ ಬೇಡ. ಹಳೆಯ ಸಫೇದದಲ್ಲಿ ಸೀಸವಿದೆ, ಹರಿತಾಳದಲ್ಲಿ ಆರ್ಸೆನಿಕ್ ಇದೆ, ಇಂಗಲೀಕದಲ್ಲಿ ಪಾದರಸವಿದೆ. ಸಾಂಪ್ರದಾಯಿಕ ಕಲಾವಿದರು ಈಗ ಸೀಸದ ಬದಲು ಸತುವಿನ ಬಿಳಿ ಬಳಸುವುದು ಸರಿಯಾದದ್ದೇ. ಇನ್ನು ಥರ್ಮೊಕೋಲನ್ನು ಬಿಸಿ ತಂತಿಯಲ್ಲಿ ಕೊಯ್ಯುವುದು, ರೆಸಿನ್ ಕಲಸುವುದು, ಫೈಬರ್‌ಗ್ಲಾಸ್ ಉಜ್ಜುವುದು ಇವನ್ನೆಲ್ಲ ಬಾಗಿಲು ಮುಚ್ಚಿದ ಹಾಸ್ಟೆಲ್ ಕೋಣೆಯಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮಾಡುವವರನ್ನು ನೋಡಿದ್ದೇನೆ. ಕರವಸ್ತ್ರ ಧೂಳನ್ನೇ ಸರಿಯಾಗಿ ತಡೆಯದು, ಹೊಗೆಯನ್ನಂತೂ ತಡೆಯುವುದೇ ಇಲ್ಲ. ಬಯಲಿನಲ್ಲಿ ಮಾಡಿ, ಸರಿಯಾದ ಮಾಸ್ಕ್ ತರಿಸಿಕೊಳ್ಳಿ. ಅದಕ್ಕೆ ಹಣ ಒದಗಿಸುವುದು ಸಂಸ್ಥೆಗಳ ಜವಾಬ್ದಾರಿ.

ವೇದಿಕೆಯ ಮೇಲಿರುವ ಹಿರಿಯರಲ್ಲಿ ಒಂದು ಬಿನ್ನಹವಿದೆ. ವಾರ್ಷಿಕ ಪ್ರದರ್ಶನಗಳಲ್ಲಿ ಕೃತಿಯ ಕೆಳಗಿನ ಚೀಟಿಯಲ್ಲಿ 'ಮಿಶ್ರ ಮಾಧ್ಯಮ' ಎಂದಷ್ಟೇ ಬರೆಯುವ ರೂಢಿಯನ್ನು ಕೈಬಿಡೋಣ. ಅದರಿಂದ ನೋಡುವವರಿಗೂ ಪ್ರಯೋಜನವಿಲ್ಲ, ಮುಂದೆ ಐವತ್ತು ವರ್ಷದ ಮೇಲೆ ಅದನ್ನು ದುರಸ್ತಿ ಮಾಡಬೇಕಾದವರಿಗೂ ಪ್ರಯೋಜನವಿಲ್ಲ. ಪುಂಡಿ ನಾರೋ, ಟಾರು ತಗಡೋ, ಯಾವ ಅಂಟೋ, ಎಲ್ಲಿಯ ಮಣ್ಣೋ ಅದನ್ನು ಹಾಗೆಯೇ ಬರೆಯೋಣ. ನಾರು ಬಡಿದುಕೊಟ್ಟವರು, ಎರಕ ಹೊಯ್ದವರು ಒಪ್ಪಿದರೆ ಅವರ ಹೆಸರನ್ನೂ ಅದೇ ಚೀಟಿಯಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬರೆಯೋಣ. ಈ ಸಂಸ್ಥೆಯ ಮುಂದಿನ ಪ್ರದರ್ಶನದಿಂದಲೇ ಇದು ಶುರುವಾಗಲಿ ಎಂದು ಕೋರುತ್ತೇನೆ.